ತಾಳೆ ಹಿಂಡಿ: ಹಸುವಿಗೆ ಎಷ್ಟು, ಕುರಿಗೆ ಯಾಕೆ ಬೇಡ?



ಬೇಸಿಗೆ ಹತ್ತಿರವಾದಂತೆ ಹುಲ್ಲಿನ ಬಣವೆ ಕರಗುತ್ತದೆ, ಹಿಂಡಿ ಬೂಸಾದ ಬೆಲೆ ಏರುತ್ತದೆ. ಅಂಥ ದಿನಗಳಲ್ಲಿ ಸಂಘದ ಸಭೆಗೆ ಹೋದಾಗ ಮೂರು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ.

ಮೊದಲನೆಯದು: "ಮೇಡಂ, ಅಂಗಡಿಯವರು ತಾಳೆ ಹಿಂಡಿ ಅಂತ ಒಂದು ಚೀಲ ಕೊಟ್ಟಿದ್ದಾರೆ. ಕಡಲೆಕಾಯಿ ಹಿಂಡಿಯ ಅರ್ಧ ಬೆಲೆಯೂ ಇಲ್ಲ. ಹಸುವಿಗೆ ಹಾಕಬಹುದಾ?"

ಎರಡನೆಯದು, ತಾಳೆ ತೋಟ ಇರುವ ಮನೆಯವರದು: "ಗೊನೆ ಕೊಯ್ಯುವಾಗ ಕಡಿದ ಗರಿಗಳು ರಾಶಿ ಬಿದ್ದಿವೆ. ಅದನ್ನು ಮೇವು ಮಾಡೋಕೆ ಆಗುತ್ತಾ?"

ಮೂರನೆಯದನ್ನು ಒಬ್ಬ ಸದಸ್ಯೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು: "ಒಂದೇ ಚೀಲದ ಹಿಂಡಿ ಹಸುವಿಗೂ ಹಾಕಿದೆ, ಕುರಿಗೂ ಹಾಕಿದೆ. ಹಸು ಚೆನ್ನಾಗಿದೆ. ಏಳು ಕುರಿಯಲ್ಲಿ ಮೂರು ವಾರದೊಳಗೆ ಸತ್ತುಹೋದವು. ಯಾರ ಕಣ್ಣು ಬಿತ್ತೋ ಗೊತ್ತಿಲ್ಲ."

ಯಾರ ಕಣ್ಣೂ ಬಿದ್ದಿರಲಿಲ್ಲ. ಆ ಹಿಂಡಿಯಲ್ಲಿರುವ ತಾಮ್ರದ ಅಂಶ ಕುರಿಗಳನ್ನು ಕೊಂದಿತ್ತು. ಮುಂಚೆಯೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಕುರಿಗಳು ಉಳಿಯುತ್ತಿದ್ದವು. ಅದಕ್ಕಾಗಿಯೇ ಈ ಲೇಖನ. ಮೂರೂ ಮಾತುಗಳಿಗೆ ಒಂದೊಂದಾಗಿ ಉತ್ತರ ನೋಡೋಣ.

ಇದು ಯಾವ ತಾಳೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೇಸಿಗೆಯಲ್ಲಿ ತಾಟಿನುಂಗು ಕೊಡುವ ಎತ್ತರದ ತಾಳೆ ಮರ ಬೇರೆ, ಇಲ್ಲಿ ಹೇಳುತ್ತಿರುವ ಎಣ್ಣೆ ತಾಳೆ ಬೇರೆ. ಎಣ್ಣೆ ತಾಳೆ ಪಶ್ಚಿಮ ಆಫ್ರಿಕಾ ಮೂಲದ ಮರ. ಇಂದು ಜಗತ್ತಿನ ತಾಳೆ ಎಣ್ಣೆಯಲ್ಲಿ ಬಹುಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ ಬರುತ್ತದೆ. ನಮ್ಮ ದೇಶದಲ್ಲಿ ಆಂಧ್ರಪ್ರದೇಶ ಮತ್ತು ತೆಲಂಗಾಣದಲ್ಲಿ ಹೆಚ್ಚು ಬೆಳೆಯುತ್ತಾರೆ. ಕರ್ನಾಟಕದಲ್ಲಿ ಭದ್ರಾ, ಕಾವೇರಿ, ತುಂಗಭದ್ರಾ ಅಚ್ಚುಕಟ್ಟಿನ ಹಲವು ಊರುಗಳಲ್ಲಿ ತೋಟಗಳಿವೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಗಾಗಿ 11,040 ಕೋಟಿ ರೂಪಾಯಿಯ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಹೊಸ ತೋಟಗಳು ಏಳುತ್ತಿವೆ. ತೋಟ ಹೆಚ್ಚಿದಂತೆ ಅದರ ಹಿಂಡಿ, ಗರಿಗಳೂ ನಮ್ಮ ಕೊಟ್ಟಿಗೆಯ ಬಾಗಿಲಿಗೆ ಬರುತ್ತವೆ.

ತಾಳೆ ಗೊನೆಯಲ್ಲಿ ಸಣ್ಣ ಸಣ್ಣ ಹಣ್ಣುಗಳಿರುತ್ತವೆ. ಹಣ್ಣಿನ ಹೊರಗಿನ ತಿರುಳಿನಿಂದ ನಾವು ಅಡುಗೆಗೆ ಬಳಸುವ ತಾಳೆ ಎಣ್ಣೆ ಬರುತ್ತದೆ. ಒಳಗೆ ತೆಂಗಿನ ಕರಟದಂಥ ಗಟ್ಟಿ ಚಿಪ್ಪು, ಅದರೊಳಗೆ ಬಿಳಿ ಬೀಜ. ಆ ಬೀಜದಿಂದ ಇನ್ನೊಂದು ಬಗೆಯ ಎಣ್ಣೆ ತೆಗೆಯುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವುದೇ ತಾಳೆ ಬೀಜದ ಹಿಂಡಿ. ಅಂಗಡಿಯಲ್ಲಿ ಇದನ್ನು ಪಾಮ್ ಕರ್ನಲ್ ಹಿಂಡಿ ಎಂದೂ ಕರೆಯುತ್ತಾರೆ. 100 ಕೆ.ಜಿ. ಗೊನೆಯಿಂದ ಸಿಗುವ ಹಿಂಡಿ ಸುಮಾರು ಎರಡೂವರೆಯಿಂದ ಮೂರು ಕೆ.ಜಿ. ಮಾತ್ರ.

ಗೊನೆಯಿಂದ ಉಳಿಯುವ ಉಳಿದ ವಸ್ತುಗಳೆಲ್ಲ ಮೇವಿಗೆ ಬರುವುದಿಲ್ಲ. ಹಣ್ಣು ಉದುರಿಸಿದ ಖಾಲಿ ಗೊನೆ ತೋಟದ ಮುಚ್ಚಿಗೆಗೆ, ಗೊಬ್ಬರಕ್ಕೆ ಒಳ್ಳೆಯದು. ಎಣ್ಣೆ ಹಿಂಡಿದ ಮೇಲೆ ಉಳಿಯುವ ನಾರು ಜೀರ್ಣವಾಗುವುದು ತೀರಾ ಕಡಿಮೆ, ಗಿರಣಿಯವರು ಅದನ್ನು ಉರುವಲು ಮಾಡಿಕೊಳ್ಳುತ್ತಾರೆ. ಗಿರಣಿಯ ಕೆಸರಿನಂಥ ಗಸಿಯಲ್ಲಿ ಪೋಷಕಾಂಶ ಇದ್ದರೂ ನೀರಿನ ಅಂಶ ಹೆಚ್ಚು, ಬೇಗ ಕೆಡುತ್ತದೆ. ಅದನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಮನೆಗೆ ತರಬೇಡಿ. ನಮಗೆ ಕೆಲಸಕ್ಕೆ ಬರುವುದು ಎರಡು: ಹಿಂಡಿ ಮತ್ತು ಗರಿ.

ಹೆಸರು ಹಿಂಡಿ, ಗುಣ ಬೂಸಾದ್ದು

ಮೊದಲ ಪ್ರಶ್ನೆಗೆ ಬರೋಣ. ಹಿಂಡಿ ಎಂದ ಕೂಡಲೇ ನಾವು ಎಲ್ಲವನ್ನೂ ಒಂದೇ ಎಂದು ತಿಳಿಯುತ್ತೇವೆ. ತಪ್ಪು ಅಲ್ಲೇ ಶುರುವಾಗುತ್ತದೆ. ಪ್ರೋಟೀನ್ ಎಷ್ಟಿದೆ ಎಂದು ನೋಡಿ:

ಕಡಲೆಕಾಯಿ ಹಿಂಡಿ: ಶೇ. 40 ಅಥವಾ ಅದಕ್ಕೂ ಹೆಚ್ಚು
ಸಿಪ್ಪೆ ಸಹಿತ ಹತ್ತಿಕಾಳು ಹಿಂಡಿ: ಸುಮಾರು ಶೇ. 22
ಕೊಬ್ಬರಿ ಹಿಂಡಿ: ಶೇ. 20ರಿಂದ 22
ತಾಳೆ ಹಿಂಡಿ: ಶೇ. 14ರಿಂದ 18
ಗೋಧಿ ಬೂಸಾ: ಶೇ. 14ರಿಂದ 16
ಮುಸುಕಿನ ಜೋಳ: ಶೇ. 8ರಿಂದ 9

ತಾಳೆ ಹಿಂಡಿ ನಿಂತಿರುವುದು ಬೂಸಾದ ಪಕ್ಕದಲ್ಲಿ. ನಾರಿನ ಅಂಶವೂ ಅದರಲ್ಲಿ ಹೆಚ್ಚು, ಶೇ. 15ರಿಂದ 20. ಹಸು, ಎಮ್ಮೆಗಳ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ನಾರನ್ನು ಒಡೆದು ಶಕ್ತಿ ಮಾಡಿಕೊಡುತ್ತವೆ. ಹಾಗಾಗಿ ಹಸುವಿಗೆ ಇದು ಒಳ್ಳೆಯ ಆಹಾರವೇ. ಗಾಣದಲ್ಲಿ ಹಿಂಡಿದ ತಾಳೆ ಹಿಂಡಿಯಲ್ಲಿ ಸ್ವಲ್ಪ ಎಣ್ಣೆಯೂ ಉಳಿದಿರುತ್ತದೆ. ಇದರಿಂದ ಹಾಲಿನ ಜಿಡ್ಡು ತುಸು ಏರುವುದೂ ಉಂಟು.

ಆದರೆ ಕಡಲೆಕಾಯಿ ಹಿಂಡಿ ಬಿಟ್ಟು ಅದರ ಜಾಗಕ್ಕೆ ಅಷ್ಟೇ ತಾಳೆ ಹಿಂಡಿ ಹಾಕಿದರೆ ಏನಾಗುತ್ತದೆ? ಒಂದು ಕೆ.ಜಿ. ಕಡಲೆಕಾಯಿ ಹಿಂಡಿಯಲ್ಲಿ 400 ಗ್ರಾಂ ಪ್ರೋಟೀನ್, ಒಂದು ಕೆ.ಜಿ. ತಾಳೆ ಹಿಂಡಿಯಲ್ಲಿ ಸುಮಾರು 150 ಗ್ರಾಂ. ಅಂದರೆ ಹಸುವಿಗೆ 250 ಗ್ರಾಂ ಕಡಿಮೆಯಾಯಿತು. ಶೇ. 4 ಜಿಡ್ಡಿನ ಒಂದು ಲೀಟರ್ ಹಾಲು ಕೊಡಲು ಹಸುವಿಗೆ ಸುಮಾರು 90 ಗ್ರಾಂ ಪ್ರೋಟೀನ್ ಬೇಕು. ನೀವು ತೆಗೆದ 250 ಗ್ರಾಂ ಎಂದರೆ ಎರಡೂವರೆ ಲೀಟರ್‌ಗೂ ಹೆಚ್ಚು ಹಾಲಿನ ಪ್ರೋಟೀನ್. ಹಸು ಮೊದಲ ಕೆಲವು ದಿನ ತನ್ನ ಮೈಯಿಂದ ತೆಗೆದು ಹಾಲು ಕೊಡುತ್ತದೆ. ಆಮೇಲೆ ಹಾಲು ಇಳಿಯುತ್ತದೆ, ಮೈ ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಆಗ ನಾವು ಹಸುವನ್ನು ದೂರುತ್ತೇವೆ.

ಚೀಲದ ಬೆಲೆ ಬೇಡ, ಪ್ರೋಟೀನಿನ ಬೆಲೆ ನೋಡಿ

ಯಾವ ಹಿಂಡಿ ಅಗ್ಗ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಒಂದು ಕೆ.ಜಿ.ಯ ಬೆಲೆಯನ್ನು ಅದರಲ್ಲಿರುವ ಶೇಕಡಾ ಪ್ರೋಟೀನಿನಿಂದ ಭಾಗಿಸಿ, 100ರಿಂದ ಗುಣಿಸಿ. ಬರುವುದು ಒಂದು ಕೆ.ಜಿ. ಪ್ರೋಟೀನಿಗೆ ನೀವು ಕೊಡುವ ಬೆಲೆ. ಈ ಕೆಳಗಿನ ದರಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಊರಿನ ಇಂದಿನ ದರ ಹಾಕಿಕೊಂಡು ನೀವೇ ಲೆಕ್ಕ ಮಾಡಿ.

ತಾಳೆ ಹಿಂಡಿ 18 ರೂಪಾಯಿ, ಪ್ರೋಟೀನ್ ಶೇ. 15: ಒಂದು ಕೆ.ಜಿ. ಪ್ರೋಟೀನಿಗೆ 120 ರೂಪಾಯಿ
ಕಡಲೆಕಾಯಿ ಹಿಂಡಿ 50 ರೂಪಾಯಿ, ಪ್ರೋಟೀನ್ ಶೇ. 40: 125 ರೂಪಾಯಿ
ಗೋಧಿ ಬೂಸಾ 24 ರೂಪಾಯಿ, ಪ್ರೋಟೀನ್ ಶೇ. 14: 171 ರೂಪಾಯಿ

ನೋಡಿ, ಅರ್ಧಕ್ಕಿಂತ ಕಡಿಮೆ ಬೆಲೆಯ ಚೀಲ ಎಂದುಕೊಂಡಿದ್ದೆವು. ಪ್ರೋಟೀನ್ ಲೆಕ್ಕದಲ್ಲಿ ತಾಳೆ ಹಿಂಡಿಯೂ ಕಡಲೆಕಾಯಿ ಹಿಂಡಿಯೂ ಹೆಚ್ಚುಕಡಿಮೆ ಒಂದೇ ಆಯಿತು. ತಾಳೆ ಹಿಂಡಿ 19 ರೂಪಾಯಿಗೆ ಏರಿದರೆ ಕಡಲೆಕಾಯಿ ಹಿಂಡಿಯೇ ಅಗ್ಗ. ಆದರೆ ಬೂಸಾಗೆ ಹೋಲಿಸಿದರೆ ತಾಳೆ ಹಿಂಡಿ ಲಾಭ. ಆದ್ದರಿಂದ ತಾಳೆ ಹಿಂಡಿ ತರುವುದಾದರೆ ಬೂಸಾದ ಒಂದು ಭಾಗ ಕಡಿಮೆ ಮಾಡಿ ಆ ಜಾಗಕ್ಕೆ ಹಾಕಿ. ಕಡಲೆಕಾಯಿ ಹಿಂಡಿಯನ್ನು ಮುಟ್ಟಬೇಡಿ.

ಒಕ್ಕೂಟದ ಪಶು ಆಹಾರ ಹಾಕುವವರಿಗೂ ಇದೇ ಮಾತು. ದಿನಕ್ಕೆ 5 ಕೆ.ಜಿ. ಪಶು ಆಹಾರ ತಿನ್ನುವ ಹಸು ಇದೆ ಎನ್ನಿ. ಅದರಲ್ಲಿ ಪ್ರೋಟೀನ್ ಶೇ. 20 ಇದ್ದರೆ, ಒಂದು ಕೆ.ಜಿ. ತೆಗೆದು ಒಂದು ಕೆ.ಜಿ. ತಾಳೆ ಹಿಂಡಿ ಹಾಕಿದಾಗ ಒಟ್ಟು ಪ್ರೋಟೀನ್ ಶೇ. 19ಕ್ಕೆ ಇಳಿಯುತ್ತದೆ. ಹೆಚ್ಚು ವ್ಯತ್ಯಾಸವಿಲ್ಲ. ಎರಡು ಕೆ.ಜಿ. ಬದಲಿಸಿದರೆ ಶೇ. 18. ಪೂರ್ತಿ ಬದಲಿಸಿದರೆ ಶೇ. 15. ಅಲ್ಲಿಗೆ ಹಾಲು ಇಳಿಯುವುದು ಖಚಿತ. ಒಂದು ಕೆ.ಜಿ. ಬದಲಿಸಿ ದಿನಕ್ಕೆ ಆರೇಳು ರೂಪಾಯಿ ಉಳಿಸಬಹುದು. ಆದರೆ ಲೀಟರಿಗೆ 35 ರೂಪಾಯಿ ಸಿಗುವಾಗ ಕಾಲು ಲೀಟರ್ ಹಾಲು ಇಳಿದರೂ ಎಂಟೂ ಮುಕ್ಕಾಲು ರೂಪಾಯಿ ಹೋಯಿತು. ಬದಲಾಯಿಸಿದ ಮೇಲೆ ಎರಡು ವಾರ ಸಂಘದ ಪಾಸ್‌ಬುಕ್ಕಿನಲ್ಲಿ ಹಾಲಿನ ಪ್ರಮಾಣ, ಜಿಡ್ಡು, ಎಸ್.ಎನ್.ಎಫ್. ಮೂರನ್ನೂ ಗಮನಿಸಿ. ಲಾಭವೋ ನಷ್ಟವೋ ಅದರಲ್ಲೇ ಗೊತ್ತಾಗುತ್ತದೆ.

ಎಷ್ಟು ಹಾಕಬೇಕು?

ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ಮೈ ಉಳಿಸಿಕೊಳ್ಳಲು ಒಂದೂವರೆ ಕೆ.ಜಿ., ಪ್ರತಿ ಲೀಟರ್ ಹಾಲಿಗೆ 400 ಗ್ರಾಂನಂತೆ ನಾಲ್ಕು ಕೆ.ಜಿ., ಒಟ್ಟು ಐದೂವರೆ ಕೆ.ಜಿ. ದಾಣಿ ಮಿಶ್ರಣ ಬೇಕು. ಎಮ್ಮೆಯಾದರೆ ಲೀಟರಿಗೆ 500 ಗ್ರಾಂ. ಇದರಲ್ಲಿ ಐದನೇ ಒಂದು ಭಾಗ, ಅಂದರೆ ಸುಮಾರು ಒಂದು ಕೆ.ಜಿ. ತಾಳೆ ಹಿಂಡಿ ಇರಲಿ. ಅದಕ್ಕಿಂತ ಹೆಚ್ಚು ಬೇಡ.

ಮನೆಯಲ್ಲೇ ಮಿಶ್ರಣ ಮಾಡಿಕೊಳ್ಳುವವರಿಗೆ 100 ಕೆ.ಜಿ.ಗೆ ಒಂದು ಲೆಕ್ಕ:

ಮುಸುಕಿನ ಜೋಳದ ನುಚ್ಚು 30 ಕೆ.ಜಿ.
ಕಡಲೆಕಾಯಿ ಹಿಂಡಿ 28 ಕೆ.ಜಿ.
ತಾಳೆ ಹಿಂಡಿ 20 ಕೆ.ಜಿ.
ಗೋಧಿ ಬೂಸಾ 19 ಕೆ.ಜಿ.
ಖನಿಜ ಮಿಶ್ರಣ 2 ಕೆ.ಜಿ.
ಉಪ್ಪು 1 ಕೆ.ಜಿ.

ಇದರಲ್ಲಿ ಪ್ರೋಟೀನ್ ಸುಮಾರು ಶೇ. 19ರಿಂದ 20 ಬರುತ್ತದೆ. ಖನಿಜ ಮಿಶ್ರಣ ಬಿಡಬೇಡಿ. ತಾಳೆ ಹಿಂಡಿಯಲ್ಲಿ ರಂಜಕ ಇದೆ, ಆದರೆ ಸುಣ್ಣದ ಅಂಶ ಅದರ ಅರ್ಧದಷ್ಟೂ ಇರುವುದಿಲ್ಲ. ಹಾಲು ಕರೆಯುವ ಹಸುವಿಗೆ ಸುಣ್ಣದ ಅಂಶ ಕಡಿಮೆಯಾಗಬಾರದು.

ಮಲೇಷ್ಯಾದಲ್ಲಿ ಹಾಲಿನ ಹಸುಗಳಿಗೆ ಇದಕ್ಕಿಂತ ಬಹಳ ಹೆಚ್ಚು ಹಾಕುತ್ತಾರೆ, ಮಾಂಸಕ್ಕೆ ಸಾಕುವ ದನಗಳಿಗಂತೂ ಆಹಾರದ ಬಹುಭಾಗ ಇದೇ. ಹಾಗಾದರೆ ನಮಗೆ ಯಾಕೆ ಒಂದೇ ಕೆ.ಜಿ. ಎಂದು ಕೇಳಬಹುದು. ನಮ್ಮ ಹಸುಗಳು ರಾಗಿ ಹುಲ್ಲು, ಭತ್ತದ ಹುಲ್ಲು, ಜೋಳದ ಸಪ್ಪೆ ತಿನ್ನುತ್ತವೆ. ಅದರಲ್ಲಿ ನಾರು ಬೇಕಾದಷ್ಟಿದೆ. ಕಡಿಮೆ ಇರುವುದು ಪ್ರೋಟೀನ್. ಅದರ ಮೇಲೆ ಮತ್ತೆ ನಾರು ಹೆಚ್ಚಿರುವ ಹಿಂಡಿ ತುಂಬಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಹಾಲು ಬರುವುದಿಲ್ಲ.

ನ್ಯೂಜಿಲೆಂಡಿನ ಅನುಭವವೂ ನಮಗೆ ಪಾಠ. ಆ ದೇಶ ತಾಳೆ ಹಿಂಡಿಯನ್ನು ಹಡಗುಗಟ್ಟಲೆ ತರಿಸಿಕೊಂಡು ಹಾಲಿನ ಹಸುಗಳಿಗೆ ಹಾಕುತ್ತದೆ. ಅಲ್ಲಿಯ ಫಾಂಟೆರಾ ನಮ್ಮ ಒಕ್ಕೂಟಗಳಂತೆಯೇ ರೈತರೇ ಒಡೆಯರಾಗಿರುವ ಸಹಕಾರಿ ಸಂಸ್ಥೆ. 2015ರಲ್ಲಿ ಆ ಸಂಸ್ಥೆ ಒಂದು ಹಸುವಿಗೆ ದಿನಕ್ಕೆ 3 ಕೆ.ಜಿ. ಮೀರಬೇಡಿ ಎಂದು ತನ್ನ ರೈತರಿಗೆ ಸಲಹೆ ಕೊಟ್ಟಿತು. ತಾಳೆ ಹಿಂಡಿ ಅತಿಯಾದಾಗ ಹಾಲಿನ ಜಿಡ್ಡಿನ ಸ್ವರೂಪವೇ ಬದಲಾಗಿ ಹಾಲಿನ ಉತ್ಪನ್ನ ತಯಾರಿಸುವಾಗ ತೊಂದರೆಯಾಗುತ್ತದೆ. ಅದಕ್ಕಾಗಿ 2018ರಿಂದ ಹಾಲಿನ ಜಿಡ್ಡನ್ನು ಪರೀಕ್ಷಿಸಿ, ಮಿತಿ ಮೀರಿದವರ ಹಣದಲ್ಲಿ ಕಡಿತ ಮಾಡುವ ಪದ್ಧತಿಯನ್ನೂ ತಂದಿತು. ಸದಾ ಹಸಿರು ಹುಲ್ಲು ಮೇಯುವ ದೊಡ್ಡ ಹಸುಗಳಿಗೇ ಮಿತಿ ಬೇಕಾಯಿತು.

ರೂಢಿ ಮಾಡಿಸುವುದು ಹೇಗೆ?

ತಾಳೆ ಹಿಂಡಿ ಒಣ, ತರಿತರಿ. ಹಸು ಮೊದಲ ದಿನವೇ ಇಷ್ಟಪಟ್ಟು ತಿನ್ನುವುದಿಲ್ಲ. ಮೊದಲ ಮೂರು ದಿನ 200 ಗ್ರಾಂ, ಅಂದರೆ ಒಂದು ಬೊಗಸೆ, ಹಳೆಯ ದಾಣಿಯೊಂದಿಗೆ ಕಲಸಿ ಕೊಡಿ. ಮೂರು ದಿನಕ್ಕೊಮ್ಮೆ ಒಂದೊಂದು ಬೊಗಸೆ ಹೆಚ್ಚಿಸುತ್ತಾ ಎರಡು ವಾರದಲ್ಲಿ ಒಂದು ಕೆ.ಜಿ.ಗೆ ತನ್ನಿ. ಸ್ವಲ್ಪ ಬೆಲ್ಲದ ನೀರು ಚಿಮುಕಿಸಿದರೆ ಬೇಗ ರುಚಿ ಹತ್ತುತ್ತದೆ. ನೆನೆಸಿ ಕೊಡುವುದಾದರೆ ಕೊಡುವ ಮುಂಚೆ ಮಾತ್ರ ನೆನೆಸಿ. ರಾತ್ರಿಯಿಡೀ ನೆನೆಯಲು ಬಿಟ್ಟರೆ ಹುಳಿಯುತ್ತದೆ. ಬೆಳಗಿನದು ಗೋದಲಿಯಲ್ಲಿ ಉಳಿದಿದ್ದರೆ ತೆಗೆದು ತೊಳೆದು ಸಂಜೆಯದು ಹಾಕಿ. ಮೂರು ನಾಲ್ಕು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ. ಅವುಗಳ ಮೆಲುಕು ಹೊಟ್ಟೆ ಇನ್ನೂ ಬಲಿತಿರುವುದಿಲ್ಲ.

ಕುರಿಗೆ ಯಾಕೆ ಬೇಡ?

ಈಗ ಆ ಸಹೋದರಿಯ ಕುರಿಗಳ ವಿಷಯ. ಅವರು ಕುರಿಗಳನ್ನು ಮಾರಾಟಕ್ಕೆ ಕೊಬ್ಬಿಸುತ್ತಿದ್ದರು. ಸುಮಾರು ಮೂರು ತಿಂಗಳು ಪ್ರತಿ ಕುರಿಗೆ ದಿನಕ್ಕೆ ಅರ್ಧ ಕೆ.ಜಿ. ತಾಳೆ ಹಿಂಡಿ ಕೊಟ್ಟಿದ್ದರು. ಕುರಿಗಳು ಮೈದುಂಬಿ ಚೆನ್ನಾಗಿಯೇ ಇದ್ದವು. ಒಂದು ದಿನ ಒಂದು ಕುರಿ ಮೇವು ಬಿಟ್ಟು ಮಂಕಾಗಿ ನಿಂತಿತು. ಕಣ್ಣು ಹಳದಿಯಾಯಿತು, ಮೂತ್ರ ಕಂದುಗೆಂಪಾಯಿತು. ಎರಡನೇ ದಿನ ಸತ್ತಿತು. ಆಮೇಲೆ ಇನ್ನೆರಡು.

ತಾಳೆ ಹಿಂಡಿಯಲ್ಲಿ ತಾಮ್ರದ ಅಂಶ ಹೆಚ್ಚು. ಒಂದು ಕೆ.ಜಿ.ಯಲ್ಲಿ 20ರಿಂದ 50 ಮಿಲಿಗ್ರಾಂ ಇರುತ್ತದೆ. ಎಲ್ಲ ಪ್ರಾಣಿಗಳಿಗೂ ಸ್ವಲ್ಪ ತಾಮ್ರ ಬೇಕೇ ಬೇಕು, ಹೆಚ್ಚಾದದ್ದನ್ನು ಹಸು ಹೊರಹಾಕುತ್ತದೆ. ಕುರಿಗೆ ಆ ಶಕ್ತಿ ಬಹಳ ಕಡಿಮೆ. ಒಳಹೋದದ್ದು ಅದರ ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಒಂದು ಕೆ.ಜಿ. ಒಣ ಆಹಾರದಲ್ಲಿ ಹಸು 40 ಮಿಲಿಗ್ರಾಂ ತಾಮ್ರದವರೆಗೆ ತಡೆದುಕೊಳ್ಳುತ್ತದೆ, ಕುರಿ 15 ಮಿಲಿಗ್ರಾಂವರೆಗೆ ಮಾತ್ರ.

ಲೆಕ್ಕ ಹಾಕಿ ನೋಡೋಣ. ಹಿಂಡಿಯಲ್ಲಿ ಕೆ.ಜಿ.ಗೆ 30 ಮಿಲಿಗ್ರಾಂ, ಉಳಿದ ಮೇವಿನಲ್ಲಿ 8 ಮಿಲಿಗ್ರಾಂ ತಾಮ್ರ ಇದೆ ಎಂದಿಟ್ಟುಕೊಳ್ಳಿ. ಹಸು ದಿನಕ್ಕೆ 13 ಕೆ.ಜಿ. ಒಣ ಆಹಾರ ತಿಂದು ಅದರಲ್ಲಿ ಒಂದು ಕೆ.ಜಿ. ತಾಳೆ ಹಿಂಡಿ ಇದ್ದರೆ, ಕೆ.ಜಿ.ಗೆ ಸರಾಸರಿ 10 ಮಿಲಿಗ್ರಾಂ ತಾಮ್ರ ಬೀಳುತ್ತದೆ. 40ರ ಮಿತಿಗೆ ಬಹಳ ದೂರ. ಕುರಿ ತಿನ್ನುವುದೇ ಒಂದು ಕಾಲು ಕೆ.ಜಿ.ಯಷ್ಟು. ಅದರಲ್ಲಿ ಅರ್ಧ ಕೆ.ಜಿ. ತಾಳೆ ಹಿಂಡಿಯಾದರೆ ಸರಾಸರಿ 17 ಮಿಲಿಗ್ರಾಂ. ಮಿತಿ ದಾಟಿತು. ಒಂದು ದಿನದಲ್ಲಿ ಏನೂ ಕಾಣುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಕೊಂಡ ತಾಮ್ರ ಮಳೆ, ಚಳಿ, ದೂರ ಪ್ರಯಾಣ, ಮರಿ ಹಾಕುವುದು ಇಂಥ ಯಾವುದಾದರೂ ಆಯಾಸದ ಸಮಯದಲ್ಲಿ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಕಾಮಾಲೆ, ಕಂದು ಮೂತ್ರ ಕಾಣುವ ಹೊತ್ತಿಗೆ ಉಳಿಸುವುದು ಕಷ್ಟ.

ಆದ್ದರಿಂದ ಕುರಿಗಳಿಗೆ ತಾಳೆ ಹಿಂಡಿ ಕೊಡಲೇಬೇಡಿ. ಹಸುವಿನ ಖನಿಜ ಮಿಶ್ರಣದಲ್ಲೂ ತಾಮ್ರ ಇರುವುದರಿಂದ ಅದನ್ನೂ ಕುರಿಗೆ ಹಾಕಬೇಡಿ. ಹಸು ತಿಂದು ಬಿಟ್ಟ ಗೋದಲಿಗೆ ಕುರಿ ಬಾಯಿ ಹಾಕದಂತೆ ನೋಡಿಕೊಳ್ಳಿ. ಮೇಕೆಗಳು ಕುರಿಗಿಂತ ಹೆಚ್ಚು ತಡೆದುಕೊಳ್ಳುತ್ತವೆ, ಆದರೂ ಕುರಿ ಮೇಕೆ ಒಟ್ಟಿಗೇ ಕಟ್ಟುವ ಮನೆಗಳಲ್ಲಿ ಎರಡಕ್ಕೂ ಬೇಡ. ಮಲೇಷ್ಯಾದಲ್ಲಿ ಸತು ಮತ್ತು ಮಾಲಿಬ್ಡಿನಂ ಲವಣ ಸೇರಿಸಿ ಕುರಿಗಳಲ್ಲಿ ಈ ವಿಷವನ್ನು ತಡೆದಿದ್ದಾರೆ. ಅದು ತಜ್ಞರು ತೂಕ ಹಾಕಿ ಮಾಡುವ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಈಗಾಗಲೇ ಕುರಿಗಳಿಗೆ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಪಶುವೈದ್ಯರು ಬಂದಾಗ ಏನು ಹಿಂಡಿ, ಎಷ್ಟು ದಿನದಿಂದ ಕೊಟ್ಟಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಉಣ್ಣೆಯಿಂದ ಬರುವ ಜ್ವರದಂಥ ಬೇರೆ ರೋಗಗಳಲ್ಲೂ ಮೂತ್ರ ಕೆಂಪಾಗುತ್ತದೆ. ನೀವು ಹೇಳುವ ಆ ಒಂದು ಮಾತಿನಿಂದ ಉಳಿದ ಕುರಿಗಳು ಬದುಕಬಹುದು.

ಚೀಲ ಬಿಚ್ಚಿ ನೋಡಿ

ಚೀಲ ಯಾರೇ ತರಲಿ, ಗೋದಲಿಗೆ ಸುರಿಯುವವರು ಹೆಚ್ಚಾಗಿ ನೀವೇ. ಸುರಿಯುವ ಮುಂಚೆ ಹೀಗೆ ಪರೀಕ್ಷಿಸಿ.

ಒಂದು ಹಿಡಿ ತೆಗೆದು ಹಿಟ್ಟಿನ ಜರಡಿಯಲ್ಲಿ ಹಿಡಿಯಿರಿ. ಗಟ್ಟಿಯಾದ ಕಪ್ಪು ಚೂರುಗಳು ಕಂಡರೆ ಅದು ಬೀಜದ ಚಿಪ್ಪು. ಅಲ್ಲೊಂದು ಇಲ್ಲೊಂದು ಇರುವುದು ಸಹಜ. ಹೆಚ್ಚಿದ್ದರೆ ನೀವು ಹಿಂಡಿಯ ಬೆಲೆಗೆ ಕರಟ ಕೊಂಡಂತೆ, ವಾಪಸ್ ಕೊಡಿ. ಮೂಸಿ ನೋಡಿ: ಒಳ್ಳೆಯ ಹಿಂಡಿಗೆ ಕೊಬ್ಬರಿಯಂಥ ವಾಸನೆ. ಕಮಟು ವಾಸನೆ ಬಂದರೆ ಉಳಿದ ಎಣ್ಣೆ ಕೆಟ್ಟಿದೆ. ಚೀಲದ ನಡುವೆ ಕೈ ಹಾಕಿ: ಬಿಸಿಯಾಗಿದ್ದರೆ, ಗಂಟುಕಟ್ಟಿದ್ದರೆ, ಹಸಿರು ಅಥವಾ ಬೂದು ಬೂಷ್ಟು ಕಂಡರೆ ಹಾಕಲೇಬೇಡಿ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ತಿಂದರೆ ಅದು ಹಾಲಿಗೂ ಇಳಿಯುತ್ತದೆ. ಒಂದು ಕೆ.ಜಿ. ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಆ ಹಾಲನ್ನು ಕಾಯಿಸಿದರೂ ವಿಷ ಹೋಗುವುದಿಲ್ಲ. ಅದನ್ನು ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಚೀಲಗಳನ್ನು ನೆಲದ ಮೇಲೆ ಇಡದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಜೋಡಿಸಿ. ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಸಾಕು.

ತೋಟದ ಗರಿ ಮೇವಾಗುತ್ತದೆಯೇ?

ಆಗುತ್ತದೆ. ಆದರೆ ಹಸಿರು ಬಣ್ಣ ನೋಡಿ ಅದನ್ನು ಹಸಿರು ಮೇವು ಎಂದುಕೊಳ್ಳಬೇಡಿ. ತಾಳೆ ಗರಿಯಲ್ಲಿ ಪ್ರೋಟೀನ್ ಶೇ. 4ರಿಂದ 7. ಇದು ಒಣ ಹುಲ್ಲಿಗೆ ಸಮ, ಕೆಲವೊಮ್ಮೆ ತುಸು ಮೇಲು. ಹಾಗಾಗಿ ಹುಲ್ಲು ಸಾಲದಾದಾಗ ಹುಲ್ಲಿನ ಒಂದು ಭಾಗಕ್ಕೆ ಬದಲಾಗಿ ಕೊಡಬಹುದು. ನೇಪಿಯರ್, ಜೋಳ, ಕುದುರೆ ಮೆಂತೆಯ ಜಾಗ ಇದು ತುಂಬುವುದಿಲ್ಲ.

ಒಂದು ಎಕರೆಯಲ್ಲಿ ಸುಮಾರು 57 ತಾಳೆ ಮರಗಳಿರುತ್ತವೆ. ಬಲಿತ ಮರ ವರ್ಷಕ್ಕೆ 20ಕ್ಕೂ ಹೆಚ್ಚು ಗರಿ ಬಿಡುತ್ತದೆ. ಗೊನೆ ಕೊಯ್ಯುವಾಗ ಅದರ ಕೆಳಗಿನ ಗರಿ ಹೇಗೂ ಕಡಿಯಬೇಕಾಗುತ್ತದೆ. ಅಂಥ ಗರಿಯನ್ನು ಮಾತ್ರ ಬಳಸಿ. ಮೇವಿನ ಆಸೆಗೆ ಮರದ ಮೇಲಿನ ಹಸಿರು ಗರಿ ಕಡಿದರೆ ಗೊನೆ ಕಡಿಮೆಯಾಗುತ್ತದೆ. ಫಸಲು ಕೊಡುವ ಮರದಲ್ಲಿ 35ರಿಂದ 40 ಗರಿ ಉಳಿದಿರಬೇಕು. ಕಡಿದ ಗರಿಯಲ್ಲೂ ಅರ್ಧ ತೋಟಕ್ಕೇ ಬಿಡಿ, ಮಣ್ಣಿಗೆ ಪೊಟ್ಯಾಷ್ ಹಿಂತಿರುಗುವುದು ಅದರಿಂದ. ಉಳಿದರ್ಧ ಹಸು ತಿಂದರೆ ಸಗಣಿಯನ್ನು ಅದೇ ತೋಟಕ್ಕೆ ಹಾಕಿ.

ಮೇವು ಮಾಡುವ ಕ್ರಮ ಹೀಗೆ. ಗರಿಯ ಬುಡದ ಮುಳ್ಳಿನ ಭಾಗ ಕಡಿದು ಬಿಸಾಡಿ. ಉಳಿದದ್ದನ್ನು ಅದೇ ದಿನ ಮೇವು ಕತ್ತರಿಸುವ ಯಂತ್ರದಲ್ಲಿ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಗರಿಯ ದಿಂಡು ಗಟ್ಟಿ, ಸಣ್ಣ ಯಂತ್ರದ ಬ್ಲೇಡ್ ಬೇಗ ಮೊಂಡಾಗುತ್ತದೆ. ತೆಂಗಿನ ಗರಿ ಪುಡಿ ಮಾಡುವ ಯಂತ್ರ ಸಂಘದಲ್ಲೋ ಅಕ್ಕಪಕ್ಕದ ತೋಟದಲ್ಲೋ ಇದ್ದರೆ ಒಳ್ಳೆಯದು. ಹಾಲು ಕೊಡುವ ಹಸುವಿಗೆ ದಿನಕ್ಕೆ ಕತ್ತರಿಸಿದ ಹಸಿ ಗರಿ ಐದಾರು ಕೆ.ಜಿ. ಸಾಕು. ಇದು ಸುಮಾರು ಎರಡು ಕೆ.ಜಿ. ಒಣ ಹುಲ್ಲಿಗೆ ಸಮ. ಎರಡು ಕೆ.ಜಿ. ಹುಲ್ಲು ಉಳಿಸಿದಂತೆ.

ಒಮ್ಮೆಲೇ ಹೆಚ್ಚು ಗರಿ ಸಿಕ್ಕರೆ ರಸಮೇವು ಮಾಡಿ. ಕತ್ತರಿಸಿದ ಗರಿಯನ್ನು ಡ್ರಮ್ಮಿಗೋ ದಪ್ಪ ಪ್ಲಾಸ್ಟಿಕ್ ಚೀಲಕ್ಕೋ ಪದರ ಪದರವಾಗಿ ತುಂಬಿ, ಗಾಳಿ ಉಳಿಯದಂತೆ ತುಳಿದು, ಬಿಗಿಯಾಗಿ ಮುಚ್ಚಿ. ಗರಿಯ ದಿಂಡಿನಲ್ಲಿ ಸಕ್ಕರೆ ಅಂಶ ಇರುವುದರಿಂದ ತಾನಾಗಿ ಹುದುಗುತ್ತದೆ. ಒಂದು ತಿಂಗಳಿಗೆ ಸಿದ್ಧ. ಮಲೇಷ್ಯಾದ ಕೃಷಿ ಸಂಶೋಧನಾ ಸಂಸ್ಥೆ ಮಾರ್ಡಿ ಈ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷಿಸಿದೆ. ಹಾಲಿನ ಹಸುವಿನ ಒಟ್ಟು ಒಣ ಆಹಾರದಲ್ಲಿ ಗರಿ ಶೇ. 30ರೊಳಗೆ ಇರಲಿ.

ಒಂದು ಎಚ್ಚರಿಕೆ. ಕೊಂಬಿನ ದುಂಬಿಗಾಗಿ ಸುಳಿಗೆ, ಗರಿಯ ಕಂಕುಳಿಗೆ ಔಷಧಿ ಹಾಕಿದ ಮರದ ಗರಿಯನ್ನು ಮೇವು ಮಾಡಬೇಡಿ. ಬೇರೆಯವರ ತೋಟದಿಂದ ತರುವಾಗ ಯಾವಾಗ ಔಷಧಿ ಹೊಡೆದಿದ್ದೀರಿ ಎಂದು ಕೇಳಿಯೇ ತನ್ನಿ.

ಕೋಳಿ, ಮೀನು ಇದ್ದರೆ

ಕೋಳಿಗೆ ಮೆಲುಕು ಹೊಟ್ಟೆ ಇಲ್ಲ, ಅಷ್ಟು ನಾರು ಅದಕ್ಕೆ ಜೀರ್ಣವಾಗುವುದಿಲ್ಲ. ಮೊಟ್ಟೆ ಕೋಳಿ, ದೊಡ್ಡ ನಾಟಿ ಕೋಳಿಗಳ ಆಹಾರದಲ್ಲಿ ಹತ್ತರಲ್ಲಿ ಒಂದು ಭಾಗ ನುಣ್ಣಗೆ ಜರಡಿ ಹಿಡಿದ ತಾಳೆ ಹಿಂಡಿ ಸೇರಿಸಬಹುದು. ಮರಿಗಳಿಗೆ ಬೇಡ. ಕೃಷಿ ಹೊಂಡದಲ್ಲಿ ಮೀನು ಸಾಕುವವರು ತೌಡು ಮತ್ತು ಕಡಲೆಕಾಯಿ ಹಿಂಡಿಯ ಜೊತೆ ಐದರಲ್ಲಿ ಒಂದು ಭಾಗದವರೆಗೆ ಬೆರೆಸಬಹುದು. ತಿನ್ನದೆ ತಳದಲ್ಲಿ ಉಳಿದರೆ ನೀರು ಕೆಡುತ್ತದೆ, ಕಡಿಮೆ ಮಾಡಿ.

ಇನ್ನೊಂದು ಮಾತು. ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲು ಕೊಡುವ ಹಸುವಿಗೆ ದಿನಕ್ಕೆ 100ರಿಂದ 200 ಗ್ರಾಂ ಬೈಪಾಸ್ ಫ್ಯಾಟ್ ಕೊಡಲು ಪಶುವೈದ್ಯರು ಹೇಳುತ್ತಾರಲ್ಲ, ಅದನ್ನೂ ಹೆಚ್ಚಾಗಿ ತಾಳೆ ಎಣ್ಣೆ ಶುದ್ಧೀಕರಿಸುವಾಗ ಉಳಿಯುವ ಕೊಬ್ಬಿನಿಂದಲೇ ಮಾಡುತ್ತಾರೆ. ಅದನ್ನು ಕೊಡುತ್ತಿರುವವರು ತಾಳೆಯ ಉಪ ಉತ್ಪನ್ನವನ್ನು ಈಗಾಗಲೇ ಬಳಸುತ್ತಿದ್ದೀರಿ ಎಂದಾಯಿತು.

ನೆನಪಿಡಿ

ಹಸುವಿಗೆ ದಿನಕ್ಕೆ ಒಂದು ಕೆ.ಜಿ. ತಾಳೆ ಹಿಂಡಿ, ಎರಡು ವಾರದಲ್ಲಿ ರೂಢಿ ಮಾಡಿಸಿ.
ಬೂಸಾಗೆ ಬದಲಾಗಿ ಕೊಡಿ, ಕಡಲೆಕಾಯಿ ಹಿಂಡಿಗೆ ಬದಲಾಗಿ ಅಲ್ಲ.
ಕುರಿಗೆ ಕೊಡಬೇಡಿ.
ಕಮಟಾದ, ಬೂಷ್ಟು ಹಿಡಿದ ಹಿಂಡಿ ಯಾವ ಜಾನುವಾರಿಗೂ ಬೇಡ.
ಗರಿ ಕೊಡುವುದು ಹುಲ್ಲಿಗೆ ಬದಲಾಗಿ, ಅದೂ ಕೊಯ್ಲಿನಲ್ಲಿ ಕಡಿದದ್ದು ಮಾತ್ರ.

ಹೊಸ ಚೀಲ ತಂದಾಗ ಒಂದು ಹಿಡಿ ಹಿಂಡಿಯನ್ನು ಪೊಟ್ಟಣ ಕಟ್ಟಿ ಹಾಲು ಹಾಕಲು ಹೋಗುವಾಗ ಸಂಘಕ್ಕೆ ತನ್ನಿ. ವಿಸ್ತರಣಾಧಿಕಾರಿಗಳು ಬಂದಾಗ ತೋರಿಸಿ, ನಿಮ್ಮ ಹಸುವಿನ ಹಾಲಿಗೆ ತಕ್ಕ ಲೆಕ್ಕ ಹಾಕಿಸಿಕೊಳ್ಳಿ. ಈ ಲೇಖನ ಓದಿದವರು ಪಕ್ಕದ ಮನೆಯಲ್ಲಿ ಕುರಿ ಸಾಕಿರುವ ಅಕ್ಕನಿಗೂ ಒಂದು ಮಾತು ಹೇಳಿ.